ಬಾವುಟದ ದಾರ

ಬೆರಳ ತುದಿಯಿಂದ ಮುಟ್ಟಿದೆ. ದಾರ ಜೋಲಾಡಿತು.

ಪಕ್ಕದ್ದನ್ನು ಮುಟ್ಟಿದೆ. ಅದೂ ಸಡಿಲ. ಹಿಂದಿನ ಹಾಯಿಕಂಬದ ಬಲಗಡೆಯ ದಾರಗಳೆಲ್ಲ ಹಳೇ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದಿದ್ದವು. ಅದೇ ಕಂಬದ ಎಡಗಡೆಯವು ಮಾತ್ರ ಮೀಟಿದರೆ ಸದ್ದು ಬರುವಷ್ಟು ಬಿಗಿಯಾಗಿದ್ದವು.

"ನೋಡು, ಆದ್ರೆ ಮುಟ್ಬೇಡ ಕಣೇ," ಎಂದ ವಾರಿಕ್ ಟಿಲ್ಲಿ. ಮೇಜಿನ ಮೇಲಿಡುವ ಮಾದರಿ ಹಡಗು ಕಟ್ಟುವವರ ನಮ್ಮ ಊರಿನ ಸಂಘಕ್ಕೆ ಅವನೇ ಅಧ್ಯಕ್ಷ. "ನಾಳೆ ಬೆಳಿಗ್ಗೆ ಪೆಟ್ಟಿಗೆಗೆ ಹಾಕ್ಬೇಕು ಅದನ್ನ."

"ನನ್ನ ಗಂಡನ ಹಡಗು ವಾರಿಕ್. ಮುಟ್ತೀನಿ."

ಹೊರಗೆ ಸಂಘದ ಮರ್ವ್ ಆ ಪೆಟ್ಟಿಗೆಯ ಹಲಗೆಗಳಿಗೆ ಮೊಳೆ ಹೊಡೆಯುತ್ತಿದ್ದ. ಶವಪೆಟ್ಟಿಗೆಗೂ ಇಷ್ಟು ಮೊಳೆ ಬೇಕಾಗಿರಲಿಲ್ಲ.

ನನ್ನ ಗಂಡ ಅಲೆಕ್ ನಮ್ಮ ದೋಣಿಮನೆಯ ಮರದ ಕಟ್ಟೆಯಿಂದ ನದಿಗೆ ಬಿದ್ದು ಸತ್ತ ಆ ಗುರುವಾರ ಅವನ ಜೊತೆ ಇನ್ನೊಬ್ಬರಿದ್ದರು ಎಂದು ತೋರಿಸಲು ನನ್ನ ಹತ್ತಿರ ಇದ್ದದ್ದು ಅಲ್ಲಿ ತೊಳೆದು ಬೋರಲು ಹಾಕಿದ್ದ ಎರಡು ಮಗ್ ಮಾತ್ರ. ಅಲೆಕ್ ಜನ್ಮದಲ್ಲಿ ಮಗ್ ತೊಳೆದವನಲ್ಲ.

"ಮಗ್ ಸಾಕಾಗಲ್ಲ ಮೇಡಂ," ಎಂದಿದ್ದ ಸಾರ್ಜೆಂಟ್ ಫೀಲನ್. ಒಂದು ಕಾಲದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ. ನಾನು ಪೊಲೀಸ್ ಕೆಲಸ ಬಿಟ್ಟ ಮೇಲೂ 'ಮೇಡಂ' ಬಿಟ್ಟಿಲ್ಲ. "ಇವತ್ತು ಸಂಜೆ ಒಳಗೆ ಬೇರೆ ಏನಾದ್ರೂ ಕೊಡಿ. ಇಲ್ಲಾಂದ್ರೆ ಹಿಮದಲ್ಲಿ ಕಾಲು ಜಾರ್ತು ಅಂತ ಬರೆದು ಕಳಿಸಿಬಿಡ್ತೀನಿ. ನನಗೂ ಮೇಲಿನೋರು ಇದ್ದಾರೆ."

ಅದಕ್ಕೇ ಸಂಘದ ಈ ಕೊಟ್ಟಿಗೆಗೆ ಬಂದಿದ್ದೆ. ನಾಳೆ ಅಲೆಕ್‌ನ ಈ ಪುಟ್ಟ ಹಡಗು, 'ಹ್ಯಾರಿಯೆಟ್ ಡೇ', ದೊಡ್ಡ ಹಡಗು ಹತ್ತಿ ಕಡಲಾಚೆಯ ವಸ್ತುಸಂಗ್ರಹಾಲಯಕ್ಕೆ ಹೋಗುತ್ತದೆ. ಅವನ ಕೊನೆಯ ಸಂಜೆಯಲ್ಲಿ ಅವನ ಜೊತೆ ಇದ್ದದ್ದು ಇದೊಂದೇ. ಇದು ಹೋದರೆ ಮುಗಿಯಿತು.

ಮಗಳು ಬ್ರೈಡಿ ಕಾರು ಓಡಿಸಿಕೊಂಡು ಬಂದಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. "ಬೇಡಮ್ಮ. ನಾನು ನೋಡಿದಾಗ ಬರೀ ಹಲಗೆ ಇತ್ತು, ಕಂಬಾನೂ ನಿಲ್ಲಿಸಿರ್ಲಿಲ್ಲ ಅಪ್ಪ. ಹಾಗೇ ನೆನಪಿರ್ಲಿ. ನಾನು ಬೇಕರಿಗೆ ಹೋಗಿ ಪೈ ತರ್ತೀನಿ." ಅಪ್ಪ ಸತ್ತ ಸುದ್ದಿ ಕೇಳಿ ಮೆಲ್ಬರ್ನ್‌ನಿಂದ ವಿಮಾನ ಹತ್ತಿ ಬಂದವಳು ಇನ್ನೂ ಹಿಂದಿರುಗಿಲ್ಲ. ನನ್ನನ್ನು ಒಬ್ಬಳೇ ಬಿಡಲು ಅವಳಿಗೆ ಮನಸ್ಸಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ.

ನನಗೇನೋ ಒಬ್ಬಳೇ ಇದ್ದರೂ ಒಂದೇ, ಹತ್ತು ಜನ ಇದ್ದರೂ ಒಂದೇ ಅನಿಸುತ್ತದೆ. ಅಲೆಕ್ ಹೋದ ಮೇಲೆ ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಊರಿನವರು ತಂದುಕೊಟ್ಟ ಮಾಂಸದ ಪಲ್ಯ, ಬೇಯಿಸಿದ ತರಕಾರಿ ಎಲ್ಲ ಫ್ರೀಜರಿನಲ್ಲಿ ಗಟ್ಟಿಯಾಗಿ ಕೂತಿವೆ. ನಾನೂ ಹಾಗೇ ಇದ್ದೇನೆ. ಹಲ್ಲು ಕೀಳಿಸಿಕೊಂಡ ಮೇಲೆ ತುಟಿ ಇರುತ್ತದಲ್ಲ, ಇದೆ ಎಂದು ಗೊತ್ತು, ಕಚ್ಚಿದರೂ ಗೊತ್ತಾಗದು.

"ಚಾ ಕುಡೀತೀಯಾ?" ವಾರಿಕ್ ಕೇಳಿದ.

"ಕೊಡು."

ಕೊಟ್ಟ. ಬಿಸಿ ಇತ್ತೋ ತಣ್ಣಗಿತ್ತೋ ತಿಳಿಯಲಿಲ್ಲ. ಕುಡಿದೆ.

ಆಮೇಲೆ ಜೋತುಬಿದ್ದ ದಾರವೊಂದನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದೆ. ಒರಟು. ನವಿರು ನವಿರಾದ ಎಳೆಗಳು ಎದ್ದಿದ್ದವು. ಮೇಣ ಹಚ್ಚಿರಲಿಲ್ಲ.

ಈ ಸಂಘದಲ್ಲಿ ಜಾತಿ ಎರಡೇ. ದಾರಕ್ಕೆ ಜೇನುಮೇಣ ಹಚ್ಚುವವರು, ಹಚ್ಚದವರು. ಹಚ್ಚಿದರೆ ದಾರ ಬಾಳುತ್ತದೆ ಎಂದು ಇವರು. ಹಚ್ಚಿದರೆ ಧೂಳು ಹಿಡಿಯುತ್ತದೆ ಎಂದು ಅವರು. ಒಂದೇ ಮೇಜಿನ ಮೇಲೆ ಬಿಸ್ಕತ್ತು ಹಂಚಿಕೊಂಡು ತಿನ್ನುವ ಮುದುಕರು ಈ ವಿಷಯ ಬಂದರೆ ಕೋಳಿ ಜಗಳಕ್ಕೆ ನಿಲ್ಲುತ್ತಾರೆ. ಅಲೆಕ್ ಮೇಣದವನು. ಅವನ ಪ್ಯಾಂಟಿನ ಜೇಬಿನಲ್ಲಿ ಮರೆತ ಮೇಣದ ಉಂಡೆ ಕರಗಿ ಬಟ್ಟೆ ಒಗೆಯುವ ನನ್ನ ಎರಡು ಯಂತ್ರ ಕೆಟ್ಟಿವೆ. ವಾರಿಕ್ ಮೇಣ ಬೇಡದವರ ಮುಂದಾಳು. ಈಸ್ಟರ್ ಊಟದಲ್ಲಿ ಇಬ್ಬರೂ ಎಲ್ಲರೆದುರು ಇದಕ್ಕೇ ಕೂಗಾಡಿ, ಅವತ್ತಿನಿಂದ ಮಾತು ಬಿಟ್ಟಿದ್ದರು. ಹಾಗೆಂದು ವಾರಿಕ್ ಪೊಲೀಸರಿಗೆ ಹೇಳಿದ್ದ. ಈಸ್ಟರ್ ಆದ ಮೇಲೆ ದೋಣಿಮನೆಯ ಹೊಸ್ತಿಲು ತುಳಿದಿಲ್ಲ, ಅಲೆಕ್ ಸತ್ತ ಮರುದಿನ ಬೆಳಿಗ್ಗೆ ಹಡಗು ಎತ್ತಿಕೊಂಡು ಬರಲು ಹೋದದ್ದೇ ಮೊದಲು ಎಂದಿದ್ದ.

"ಹಿಂದಿನ ಕಂಬ ಪೂರ್ತಿ ನೀನೇ ಕಟ್ಟಿದ್ದಾ?"

"ಹೂಂ. ಅಲೆಕ್ ಮುಂದಿನ ಎರಡು ಕಂಬ ಮುಗಿಸಿದ್ದ. ಹಿಂದಿಂದು ಖಾಲಿ ಇತ್ತು. ಅವನ ನೆನಪಿಗೆ ಅಂತ ನಾನು ಮುಗಿಸ್ದೆ."

"ಎಲ್ಲಿ ಕೂತು?"

"ಇಲ್ಲೇ, ಈ ಮೇಜಿನ ಮೇಲೆ. ಬೇಕಿದ್ರೆ ಮರ್ವ್‌ನ ಕೇಳು."

ಮೂಲೆಯಲ್ಲಿ ಕಟ್ಟಿಗೆ ಒಲೆ ಉರಿಯುತ್ತಿತ್ತು. ಇದು ಹಿಂದೆ ಸೇಬು ತುಂಬುತ್ತಿದ್ದ ಕೊಟ್ಟಿಗೆ. ಚಳಿಗಾಲ ಪೂರ್ತಿ ಬೆಳಿಗ್ಗೆಯಿಂದ ಸಂಜೆವರೆಗೆ ಒಲೆ ಆರುವುದಿಲ್ಲ, ಒಂದು ಗಂಟೆ ಕೂತರೆ ತುಟಿ ಬಿರಿಯುತ್ತದೆ. ನಮ್ಮ ದೋಣಿಮನೆ ಹಾಗಲ್ಲ. ನದಿಯ ಮೇಲೇ ನಿಂತಿದೆ. ಅಲ್ಲಿ ಉಪ್ಪು ಕಲ್ಲಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ.

"ವಾರಿಕ್, ಮೇಣ ಹಚ್ಚದ ಲಿನನ್ ದಾರ ತೇವ ಕುಡಿದ್ರೆ ಏನಾಗತ್ತೆ?"

"ಕುಗ್ಗತ್ತೆ. ಬಿಗಿಯಾಗತ್ತೆ."

"ಒಣಗಿದ್ರೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅಲೆಕ್ ಸತ್ತ ಮೇಲೆ ಪ್ರತಿ ಭಾನುವಾರ ಕುಂಬಳಕಾಯಿ ಸೂಪು ತಂದು ನನ್ನ ಬಾಗಿಲಲ್ಲಿಟ್ಟು, ಗಂಟೆಯನ್ನೂ ಒತ್ತದೆ ಓಡಿಹೋಗುತ್ತಿದ್ದ ಮನುಷ್ಯ ಈಗ ನಿಜವಾಗಿಯೂ ಕೋಟಿನ ಹೆಗಲು ಸರಿಮಾಡಿಕೊಳ್ಳುತ್ತಿದ್ದ.

"ಒಣಗಿದ್ರೆ ಸಡಿಲ ಆಗತ್ತೆ," ನಾನೇ ಹೇಳಿದೆ. "ಎಡಗಡೇದು ಇಲ್ಲಿ ಕಟ್ಟಿದ್ದೀಯ, ಒಣ ಜಾಗದಲ್ಲಿ. ಅದಕ್ಕೇ ಬಿಗಿಯಾಗಿದೆ. ಬಲಗಡೇದು ಕಟ್ಟಿದ್ದು ತೇವದಲ್ಲಿ. ಇಲ್ಲಿ ಒಲೆ ಪಕ್ಕ ಬಂದ್ಮೇಲೆ ಜೋತುಬಿತ್ತು. ಹಡಗು ದೋಣಿಮನೆ ಬಿಟ್ಟು ಹೊರಗೆ ಬಂದಿದ್ದು ಅಲೆಕ್ ಸತ್ತ ಮರುದಿನ ಬೆಳಿಗ್ಗೆ. ಅಂದ್ರೆ ನೀನು ಅದಕ್ಕೂ ಮುಂಚೆ ಅಲ್ಲಿ ಕೂತು ಕಟ್ಟಿದ್ದೀಯ."

"ಅಲೆಕ್ಕೇ ಕಟ್ಟಿರ್ಬಹುದು."

"ಮೇಣ ಇಲ್ದೆ? ಅಲೆಕ್? ಬಾಯಿಗೆ ಬಂದಿದ್ದು ಹೇಳ್ಬೇಡ."

ಹೊರಗೆ ಸುತ್ತಿಗೆ ಸದ್ದು ಒಂದೇ ಸಮ ಬರುತ್ತಿತ್ತು. ವಾರಿಕ್ ಎದ್ದು ಬಾಗಿಲು ಭದ್ರವಾಗಿ ಮುಚ್ಚಿ ಬಂದ. ಹಳೇ ಅಭ್ಯಾಸ, ನನ್ನ ಕಣ್ಣು ಅವನ ಕೈಗಳ ಮೇಲಿತ್ತು. ಮೇಜಿನ ಮೇಲೆ ಚಿಮುಟ, ಕತ್ತರಿ, ಸಣ್ಣ ಚಾಕು ಎಲ್ಲ ಇದ್ದವು. ಹೆದರಿಕೆಯಾಗಬೇಕಿತ್ತು. ಅದೂ ಆಗಲಿಲ್ಲ.

ಅವನು ಕುರ್ಚಿಗೆ ಕುಸಿದು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಅವನ ಕೈ ನಡುಗ್ತಿತ್ತು ನೆರಿಡಾ."

"ಯಾರ ಕೈ?"

"ಅಲೆಕ್‌ದು. ಜಗಳ ಆಗಿ ಹದಿನೈದು ದಿನಕ್ಕೆ ನನ್ ಮನೆ ಬಾಗಿಲಿಗೆ ಬಂದ. ಎರಡು ಕೈ ಮುಂದೆ ಚಾಚಿ ನಿಂತ. ಎಲೆ ಅಲ್ಲಾಡಿದ ಹಾಗೆ ಅಲ್ಲಾಡ್ತಿತ್ತು. 'ಗಂಟು ಹಾಕೋಕಾಗ್ತಿಲ್ಲ ಕಣೋ, ನೀನು ಬಾ' ಅಂದ. ಡಾಕ್ಟರು ಇದು ವಾಸಿ ಆಗಲ್ಲ ಅಂದಿದ್ರಂತೆ. ಅವತ್ತಿಂದ ಪ್ರತಿ ಗುರುವಾರ ನಾನೇ ಹೋಗಿ ಕಟ್ತಿದ್ದೆ. ಅವನು ಪಕ್ಕದಲ್ಲಿ ಕೂತು ಮೇಣ ಹಚ್ಚೋ ಮೇಣ ಹಚ್ಚೋ ಅಂತ ಬೈತಿದ್ದ. ನಾನು ಹಚ್ತಿರ್ಲಿಲ್ಲ."

ಅವನ ಬಾಯಿ ಸೊಟ್ಟಗಾಯಿತು. ನಕ್ಕನೋ ಅತ್ತನೋ ನೋಡಲು ನನಗೆ ಇಷ್ಟವಿರಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂತ ಮಾತು ತಗೊಂಡಿದ್ದ. 'ಅವಳು ನನ್ನ ನೋಡಿಕೊಳ್ಳೋಕೆ ಶುರು ಮಾಡಿಬಿಡ್ತಾಳೆ' ಅಂದ."

ಈ ಚಳಿಗಾಲದಲ್ಲಿ ಅಲೆಕ್ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ಬಿಟ್ಟಿದ್ದ. ಲೇಸು ಕಟ್ಟುವ ಬೂಟು ಬಿಟ್ಟು ಸುಮ್ಮನೆ ಕಾಲು ತೂರಿಸುವ ಬೂಟು ಕೊಂಡಿದ್ದ. ಮನೆಯೊಳಗೂ ಕೈ ಜೇಬಿನಲ್ಲೇ ಇರುತ್ತಿತ್ತು. ಚಳಿ ಅಂದುಕೊಂಡಿದ್ದೆ. ಊರಿನ ಕಳ್ಳರ ಕೈಯನ್ನೆಲ್ಲ ನೋಡಿ ಬಂದವಳು ನಾನು, ಗಂಡನ ಕೈ ನೋಡಿರಲಿಲ್ಲ. ಇದನ್ನು ಕೇಳಿ ಎದೆ ಒಡೆಯಬೇಕಿತ್ತು. ಯಾರದೋ ಮನೆಯ ಸುದ್ದಿ ಕೇಳಿದ ಹಾಗಾಯಿತು, ಅಷ್ಟೇ.

"ಆ ಗುರುವಾರ ಹೋಗಿದ್ಯಾ?"

"ಹೋಗಿದ್ದೆ. ಬಲಗಡೆ ಮುಗೀತು. ಎಡಗಡೆ ಮುಂದಿನ ವಾರ ಅಂತ ಹೇಳಿ, ಬೆಳಕಿರೋವಾಗ್ಲೇ ಹೊರಟೆ. ದೇವ್ರಾಣೆ. ಅವನು ಬಾಗಿಲ ಹತ್ರ ನಿಂತು ಕೈ ಆಡಿಸ್ದ."

"ಮಗ್ ತೊಳೆದದ್ದು ನೀನಾ?"

"ಯಾವ ಮಗ್? ಅಲೆಕ್ ಮಾಡೋ ಚಾ ಮನುಷ್ಯರು ಕುಡೀತಾರಾ? ದೋಣಿ ತಳಕ್ಕೆ ಬಳಿಯೋ ಹಾಗಿರತ್ತೆ. ನಾನು ಮನೆಯಿಂದ ಫ್ಲಾಸ್ಕಲ್ಲಿ ತಗೊಂಡು ಹೋಗ್ತಿದ್ದೆ."

ಅದು ನಿಜ. ವಾರಿಕ್‌ನ ಕೆಂಪು ಫ್ಲಾಸ್ಕು ಊರಿಗೆಲ್ಲ ಗೊತ್ತು. ಹಾಗಾದರೆ ಎರಡನೆಯ ಮಗ್ ಅವನದಲ್ಲ.

"ನಡುಗೋ ಕೈ ಮಾತು ಗುಟ್ಟಾಗಿರ್ಲಿ, ಸರಿ. ಆದ್ರೆ ಮನುಷ್ಯ ಸತ್ತ ಮೇಲೂ ಪೊಲೀಸರಿಗೆ ಸುಳ್ಳು ಹೇಳಿದೆಯಲ್ಲ ವಾರಿಕ್. ಯಾಕೆ?"

ಅವನು ನನ್ನ ಮುಖ ನೋಡಿದ. ಆಮೇಲೆ ಹಡಗಿನ ಹಿಂಭಾಗ ನೋಡಿದ. ಅಲ್ಲಿ ಪುಟ್ಟ ಕೆಂಪು ಬಾವುಟ, ಅದನ್ನು ಏರಿಸುವ ಕೂದಲೆಳೆಯಂಥ ದಾರ.

"ನಿನಗೋಸ್ಕರ," ಎಂದ.

"ನನಗೋಸ್ಕರಾನಾ?"

"ಬಾವುಟದ ದಾರ ಯಾರು ಕಟ್ತಾರೆ ನಮ್ಮಲ್ಲಿ? ಹೇಳು."

ಅದನ್ನು ಈ ನದಿಯ ದಡದಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಹಡಗಿನ ಕೊನೆಯ ದಾರ ಅದು. ಎಲ್ಲ ಮುಗಿದ ಮೇಲೆ, ಕಟ್ಟಿದವನೇ ಅದನ್ನು ಬಿಗಿಯಬೇಕು. ಅವನಿಂದ ಆಗದಿದ್ದರೆ ಅವನ ಮನೆಯವರು. ಬೇರೆಯವರು ಕಟ್ಟಿದರೆ ಹಡಗು ಅವರದಾಗಿಬಿಡುತ್ತದೆ ಎಂಬ ನಂಬಿಕೆ. ನೂರು ದಾರ ಕಟ್ಟಿಕೊಟ್ಟ ಗೆಳೆಯನೂ ಆ ಒಂದಕ್ಕೆ ಕೈ ಹಾಕುವುದಿಲ್ಲ.

"ಗುರುವಾರ ನಾನು ಹೊರಟಾಗ ಆ ದಾರ ಇರ್ಲಿಲ್ಲ," ಎಂದ ವಾರಿಕ್, ಒಂದೊಂದೇ ಮಾತು ಇಟ್ಟು. "ಬೆಳಿಗ್ಗೆ ಹಡಗು ಎತ್ತೋಕೆ ಬಂದಾಗ ಇತ್ತು. ಅಲೆಕ್ ಕೈಯಲ್ಲಿ ಆಗೋ ಕೆಲಸ ಅಲ್ಲ ಅದು. ನಿನ್ನ ಮನೇವರು ಬಿಟ್ಟು ಇನ್ಯಾರು ಕಟ್ತಾರೆ? ನೀನು ಅವತ್ತು ಸಂಜೆ ಅಲ್ಲಿಗೆ ಹೋಗಿದ್ದೆ, ಆದ್ರೆ ಹೋಗಿಲ್ಲ ಅಂತ ಪೊಲೀಸ್ನೋರಿಗೆ ಹೇಳ್ತಿದ್ದೀಯ ಅಂದ್ಕೊಂಡೆ. ನಾನು ಗುರುವಾರದ ಮಾತೆತ್ತಿದ್ರೆ ಬಾವುಟದ ಮಾತೂ ಬರತ್ತೆ. ಅದಕ್ಕೇ ಬಾಯಿ ಮುಚ್ಕೊಂಡೆ."

"ಅದಕ್ಕೇ ಸೂಪು ಇಟ್ಟು ಓಡ್ತಿದ್ದೆಯಾ?"

"ನಿನ್ ಮುಖ ನೋಡೋಕೆ ಭಯ ಆಗ್ತಿತ್ತು ಕಣೇ."

ಇಷ್ಟು ವಾರದಿಂದ ನಾನು ಅವನನ್ನು ಕೊಲೆಗಾರ ಎಂದುಕೊಂಡಿದ್ದೆ, ಅವನು ನನ್ನನ್ನು. ಆದರೂ ಸೂಪು ತಂದಿದ್ದಾನೆ. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ.

"ನಾನು ಅವತ್ತು ಟಿವಿ ಮುಂದೆ ನಿದ್ದೆ ಹೋಗಿದ್ದೆ," ಎಂದೆ. "ನನಗೆ ಬೂಟಿನ ಗಂಟು ಬಿಟ್ರೆ ಬೇರೆ ಗಂಟೇ ಬರಲ್ಲ. ಮದುವೆಯಾದಾಗಿಂದ ಇದೇ ಹೇಳಿ ಅಲೆಕ್ ರೇಗಿಸ್ತಿದ್ದ, ನೀನೂ ಜೊತೆಗೆ ನಗ್ತಿದ್ದೆ."

ವಾರಿಕ್ ಕನ್ನಡಕ ಮತ್ತೆ ಹಾಕಿಕೊಂಡ.

"ಹಾಗಾದ್ರೆ..."

"ಭೂತಗನ್ನಡಿ ಕೊಡು."

ದೀಪವನ್ನು ಹತ್ತಿರಕ್ಕೆಳೆದು ಹಡಗಿನ ಹಿಂಬದಿಗೆ ಬಾಗಿದೆ. ಮರದ ವಾಸನೆ ಬಂತು, ಅಲೆಕ್‌ನ ಸ್ವೆಟರಿನಲ್ಲಿ ಇರುತ್ತಿದ್ದ ಅದೇ ವಾಸನೆ. ಬಾವುಟದ ದಾರ ಕೊಂಚ ಬಾಗಿ ತೂಗಿಬಿದ್ದಿತ್ತು. ಇದೂ ತೇವದಲ್ಲಿ ಕಟ್ಟಿದ್ದು, ಇದಕ್ಕೂ ಮೇಣವಿಲ್ಲ. ಎಡಗಡೆಯ ಕೆಲಸವೆಲ್ಲ ಬಾಕಿ ಇರುವಾಗ ಯಾರೋ ಕೊನೆಯ ದಾರವನ್ನು ಮುಂಚಿತವಾಗಿ ಕಟ್ಟಿದ್ದರು. ಇನ್ನೊಂದು ಗುರುವಾರ ಬರುವುದಿಲ್ಲ ಎಂದು ಗೊತ್ತಿದ್ದವರ ಹಾಗೆ.

ಕೆಳಗಿನ ಗಂಟು ನೋಡಿದೆ. ಗಂಟು ಮಿನುಗಿತು.

"ಇದೇನು ವಾರಿಕ್, ಹೊಳೀತಿದೆ?"

ಅವನು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ. "ನಮ್ಮ ಅಂಟಲ್ಲ ಅದು. ನಮ್ದು ಒಣಗಿದ್ರೆ ಮಂಕಾಗಿ, ಕಾಣೋದೇ ಇಲ್ಲ. ಗಾಜಿನ ತರ ಹೊಳೆಯೋ ಅಂಟು ಯಾರೂ ಹಾಕಲ್ಲಪ್ಪ. ಹಡಗು ಕಟ್ಟೋರು ಯಾರೂ ಹಾಕಲ್ಲ."

ಒಬ್ಬಳು ಹಾಕುತ್ತಿದ್ದಳು.

ದೋಣಿಮನೆಯಲ್ಲಿ ಮೀನಿನ ಡಬ್ಬ ಬೋರಲು ಹಾಕಿಕೊಂಡು, ಅದರ ಮೇಲೆ ಕೂತು, ನಾಲಿಗೆ ಹೊರಗೆ ಚಾಚಿಕೊಂಡು ಗಂಟು ಹಾಕುತ್ತಿದ್ದಳು. ಮೇಣ ಹಚ್ಚುವ ತಾಳ್ಮೆ ಇಲ್ಲ. ಅಂಟು ಒಣಗುವ ತನಕ ಕಾಯುವ ತಾಳ್ಮೆಯೂ ಇಲ್ಲ. ನನ್ನ ಸ್ನಾನದ ಕೋಣೆಯಿಂದ ಬಣ್ಣವಿಲ್ಲದ ನೇಲ್ ಪಾಲಿಶ್ ಶೀಶೆ ಕದ್ದೊಯ್ದು ಗಂಟಿಗೊಂದು ಹನಿ ಇಡುತ್ತಿದ್ದಳು. ಊದಿದರೆ ಒಣಗಿತು. ನಾನು ಬೈದರೆ ಅಲೆಕ್ ನಗುತ್ತಿದ್ದ. "ಬಿಡೇ, ಅವಳು ಕಟ್ಟಿದ ಹಡಗು ಕತ್ತಲಲ್ಲೂ ಗುರುತು ಸಿಗತ್ತೆ."

ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟೆ. ಇಡುವಾಗ ಅಂಚು ತಗುಲಿ ಸದ್ದಾಯಿತು.

"ಏನು ನೆರಿಡಾ? ಗೊತ್ತಾಯ್ತಾ ಯಾರು ಅಂತ?"

"ಇಲ್ಲ," ಎಂದೆ.

ನನ್ನ ಬಾಯಿಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಇಷ್ಟು ವರ್ಷ ಎದುರು ಕೂತು ಸುಳ್ಳು ಹೇಳಿದವರ ಮೇಲೆಲ್ಲ ಮೊದಲ ಬಾರಿಗೆ ಕನಿಕರ ಬಂತು.

ಬಾಗಿಲು ತಳ್ಳಿಕೊಂಡು ತಣ್ಣನೆ ಗಾಳಿ ನುಗ್ಗಿತು. ಹಿಂದೆಯೇ ಬ್ರೈಡಿ. ಕೈಯಲ್ಲಿ ಕಾಗದದ ಚೀಲ, ಮೂಗು ಕೆಂಪಗಾಗಿತ್ತು.

"ಕಾರಲ್ಲಿ ಕೂತು ಸೆಟೆದುಹೋದೆ. ಪೈ ತಣ್ಣಗಾಗತ್ತೆ ಅಂತ ಬಂದೆ. ಚಿಪ್ಪುಮೀನಿನದು ಮೂರೇ ಇತ್ತು, ಮರ್ವ್ ಮಾವಂಗೆ ಇಲ್ಲ, ಅವರು ಬೈಲಿ ಬೇಕಾದ್ರೆ." ಒಂದನ್ನು ನನ್ನ ಅಂಗೈಗಿಟ್ಟಳು, ಒಂದನ್ನು ವಾರಿಕ್‌ಗೆ. "ಏನು, ಇಬ್ರೂ ಸತ್ತೋರ ಮನೇಲಿ ಕೂತ ಹಾಗೆ ಕೂತಿದ್ದೀರ?"

ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು.

ಆಗ ಅವಳು ಹಡಗನ್ನು ನೋಡಿದಳು. ನೋಡಬಾರದು ಎಂದುಕೊಂಡು ಬಂದವಳ ಹಾಗೆ ಮೊದಲು ಪಕ್ಕಕ್ಕೆ ನೋಡಿ, ಆಮೇಲೆ ನೇರವಾಗಿ. ಮೂರು ಕಂಬದ ಹಡಗು ಎದುರಿಗಿತ್ತು. ಎದ್ದು ಕಾಣುವುದು ಆ ಕಂಬಗಳು, ಅವುಗಳ ಅಡ್ಡಕೋಲುಗಳು, ಜೇಡರ ಬಲೆಯಂತೆ ಹೆಣೆದ ನೂರಾರು ದಾರಗಳು. ಬರೀ ಹಲಗೆ ನೋಡಿದ್ದವಳು ಅವುಗಳನ್ನಲ್ಲವೇ ಮೊದಲು ನೋಡಬೇಕು?

ಬ್ರೈಡಿ ಸೀದಾ ಹಿಂಭಾಗಕ್ಕೆ ಬಂದಳು. ಕೈಗವಸು ತೆಗೆದು ತೋರುಬೆರಳಿನಿಂದ ಬಾವುಟದ ದಾರವನ್ನು ಮೆಲ್ಲಗೆ ಒತ್ತಿದಳು.

"ಅಯ್ಯೋ, ಇದು ಬಿಗಿಯಾಗಿತ್ತಲ್ಲ," ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

ಹೊರಗೆ ಸುತ್ತಿಗೆ ನಿಂತಿತ್ತು. ವಾರಿಕ್‌ನ ಕೈಯಿಂದ ಪೈ ಜಾರಿ ತಟ್ಟೆಯ ಮೇಲೆ ಬಿತ್ತು. ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ನನ್ನನ್ನು ನೋಡಿದ.

ಅದೇ ಹೊತ್ತಿಗೆ ನನ್ನ ಕೋಟಿನ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಫೀಲನ್.

ತೆಗೆದು ಕಿವಿಗಿಟ್ಟುಕೊಂಡೆ. ತೆಗೆಯಬಾರದಿತ್ತೇನೋ. ಕೆಲಸದ ಅಭ್ಯಾಸ, ಕೈ ತಾನಾಗಿ ಹೋಯಿತು.

"ಮೇಡಂ, ನಾನು ಕಾಯ್ತಾ ಇದೀನಿ. ಏನಾದ್ರೂ ಸಿಕ್ತಾ? ಇಲ್ಲಾಂದ್ರೆ ಕಾಲು ಜಾರ್ತು ಅಂತ ಬರೆದು ಮುಗಿಸ್ತೀನಿ. ಒಂದು ಮಾತು ಹೇಳಿ ಸಾಕು."

ಒಂದು ಮಾತು. ಬ್ರೈಡಿ ಬೆರಳನ್ನು ದಾರದ ಮೇಲಿಂದ ತೆಗೆದಿರಲಿಲ್ಲ. ಅವಳು ನನ್ನ ಮುಖ ಓದುತ್ತಿದ್ದಳು. ಚಿಕ್ಕವಳಿದ್ದಾಗ ಶೀಶೆ ಕದ್ದು ಸಿಕ್ಕಿಬಿದ್ದಾಗಲೂ ಹೀಗೇ ನೋಡುತ್ತಿದ್ದಳು. ಆಗ ನನ್ನ ಅಂಗೈ ಸುಟ್ಟಿತು. ಪೈ ಕೆಂಡದ ಹಾಗಿತ್ತು, ಎಷ್ಟು ಹೊತ್ತಿನಿಂದ ಹಿಡಿದಿದ್ದೆನೋ. ಇಷ್ಟು ವಾರಗಳಲ್ಲಿ ಮೊದಲ ಬಾರಿಗೆ ನನಗೆ ನೋವಾಯಿತು. ಕೈಯಿಂದ ಶುರುವಾಗಿ ಎದೆಯವರೆಗೆ ಬಂತು.

"ಮೇಡಂ? ಕೇಳಿಸ್ತಿದೆಯಾ?"

ನಾನು ಬಾಯಿ ತೆರೆಯುವ ಮೊದಲೇ ಬ್ರೈಡಿ ಅಳಲು ಶುರುಮಾಡಿದಳು. ನನಗೆ ಬಾರದ ಅಳು ಅವಳಿಗೆ ಬಂತು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಅಮ್ಮಾ, ಅವತ್ತು ನಾನು ಬಂದಿದ್ದು ನಿಂಗೆ ಹೇಳ್ಬೇಡ ಅಂತ ಮಾತು ತಗೊಂಡಿದ್ದು ಅಪ್ಪನೇ. ಆಮೇಲೆ ತಾನೇನು ಮಾಡೋನಿದ್ದ ಅನ್ನೋದನ್ನೂ ಹೇಳ್ಬೇಡ ಅಂದಿದ್ದ."

ಫೋನ್ ಇನ್ನೂ ನನ್ನ ಕಿವಿಯಲ್ಲೇ ಇತ್ತು. ಆ ಕಡೆ ಪೆನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

"ಯಾರು ಮೇಡಂ," ಎಂದ ಫೀಲನ್, "ಈಗ ಮಾತಾಡಿದ್ದು?"